ಅಡುಗೆಮನೆಗೆ ಹೊಸ ಕ್ಯಾಬಿನೆಟ್: ಪೆಟ್ಟಿಗೆ ಮೊದಲು ನೋಡಿ, ಬಣ್ಣ ಕೊನೆಗೆ ಆರಿಸಿ

ಹಳೇ ಅಡುಗೆಮನೆಗೆ ಹೊಸ ಕ್ಯಾಬಿನೆಟ್ ಹಾಕಿಸಿದವರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಂಕ್ ಕೆಳಗಿನ ಹಲಗೆ ಉಬ್ಬಿತು. ಡ್ರಾಯರ್ ಜೋತುಬಿತ್ತು. ಇಡ್ಲಿ ಪಾತ್ರೆ ಯಾವ ಕಪಾಟಿನಲ್ಲೂ ಹಿಡಿಸದೆ ಮತ್ತೆ ಅಟ್ಟ ಸೇರಿತು. ದುಡ್ಡು ಕಮ್ಮಿ ಹಾಕಿದ್ದಕ್ಕೆ ಹೀಗಾಯಿತು ಅಂದುಕೊಳ್ಳಬೇಡಿ. ಲಕ್ಷಗಟ್ಟಲೆ ಸುರಿದ ಮನೆಗಳಲ್ಲೂ ಇದೇ ಪಾಡು.

ಎಡವುವುದು ಆರಿಸುವ ಕ್ರಮದಲ್ಲಿ. ಶೋರೂಮಿಗೆ ಕಾಲಿಟ್ಟ ಕೂಡಲೇ ಹೊಳೆಯುವ ಬಾಗಿಲು ಕಣ್ಣಿಗೆ ಬೀಳುತ್ತದೆ. ಬಣ್ಣ ಒಪ್ಪಿಗೆಯಾಗುತ್ತದೆ, ಅಡ್ವಾನ್ಸ್ ಕೊಟ್ಟಾಗುತ್ತದೆ. ಒಳಗಿನ ಪೆಟ್ಟಿಗೆ, ಅಂದರೆ ಬಾಗಿಲ ಹಿಂದಿನ ಕ್ಯಾಬಿನೆಟ್ ಒಡಲು, ಯಾವ ಹಲಗೆಯದ್ದು ಅಂತ ಕೇಳುವ ಹೊತ್ತಿಗೆ ಬಜೆಟ್ ಮುಗಿದಿರುತ್ತದೆ. ಅದಕ್ಕೇ ಇಲ್ಲಿ ಕ್ರಮ ಉಲ್ಟಾ ಇದೆ: ಮೊದಲು ಪಾತ್ರೆ, ಆಮೇಲೆ ತೇವ, ಅಳತೆ, ಪೆಟ್ಟಿಗೆ, ಹಿಂಜಸ್‌ ಮತ್ತು ಚಾನಲ್‌. ಹಿಂಜಸ್ ಅಂದರೆ ಬಾಗಿಲು ತಿರುಗುವ ಕೀಲು, ಚಾನಲ್ ಅಂದರೆ ಡ್ರಾಯರ್ ಜಾರುವ ಹಳಿ. ಬಣ್ಣದ ಸರದಿ ಆಮೇಲೆ.

ಬೇಕಾಗುವ ಸಾಮಾನು: 5 ಮೀಟರಿನ ಸ್ಟೀಲ್ ಟೇಪು, ರಸಮಟ್ಟ, ಗೆರೆ ಎಳೆಯಲು ಚೌಕಳಿ ಪುಸ್ತಕ, ಕಾಗದದ ಅಂಟುಪಟ್ಟಿ, ಟಾರ್ಚು, ಒಂದು ನಾಣ್ಯ.

## ಹಂತ 1: ಪಾತ್ರೆಗಳ ಪಟ್ಟಿ ಮಾಡಿ

ಅಡುಗೆಮನೆಯಲ್ಲಿ ಇರುವುದನ್ನೆಲ್ಲ ಹೊರಗೆ ತೆಗೆದು ಮೂರು ಗುಂಪು ಮಾಡಿ. ದಿನಾ ಬೇಕಾದದ್ದು, ವಾರಕ್ಕೊಮ್ಮೆ ಬೇಕಾದದ್ದು, ಹಬ್ಬಕ್ಕೆ ಮಾತ್ರ ಬೇಕಾದದ್ದು. ಕುಕ್ಕರ್, ಮಿಕ್ಸಿ, ದೋಸೆ ಹೆಂಚು ಮೊದಲನೇ ಗುಂಪು. ಚಕ್ಕುಲಿ ಒರಳು, ದೊಡ್ಡ ತಪ್ಪಲೆ, ಹೋಳಿಗೆ ಮಣೆ ಕೊನೇ ಗುಂಪು. ಮೊದಲನೇ ಗುಂಪು ಸೊಂಟದಿಂದ ಭುಜದ ಎತ್ತರದೊಳಗೆ ಸಿಗಬೇಕು. ಕೊನೇ ಗುಂಪು ಅಟ್ಟಕ್ಕೆ ಹೋಗಲಿ.

ದೊಡ್ಡ ಪಾತ್ರೆಗಳ ಎತ್ತರ, ಅಗಲ ಎರಡನ್ನೂ ಅಳೆದು ಬರೆದುಕೊಳ್ಳಿ. ಸಿದ್ಧ ಡಿಸೈನುಗಳಲ್ಲಿ ಡ್ರಾಯರ್ ಎತ್ತರ ತಟ್ಟೆ ಲೋಟಕ್ಕೆ ಸರಿಹೋಗುತ್ತದೆ. ನಾಲ್ಕು ತಟ್ಟೆಯ ಇಡ್ಲಿ ಕುಕ್ಕರ್, ಐದು ಲೀಟರಿನ ಪ್ರೆಶರ್ ಕುಕ್ಕರ್ ಅದರಲ್ಲಿ ಮುಚ್ಚಳ ಸಮೇತ ನಿಲ್ಲುವುದಿಲ್ಲ. ಅತಿ ಎತ್ತರದ ಪಾತ್ರೆಗಿಂತ ಎರಡು ಇಂಚು ಜಾಸ್ತಿ ಎತ್ತರದ ಒಂದು ಡ್ರಾಯರ್ ಬೇಕೇ ಬೇಕು ಅಂತ ಮೊದಲೇ ಹೇಳಿಬಿಡಿ.

ಟೇಬಲ್‌ಟಾಪ್ ಗ್ರೈಂಡರಿನದ್ದೇ ಬೇರೆ ಲೆಕ್ಕ. ಹತ್ತು ಕೆಜಿಗೂ ಮೇಲಿನ ಸಾಮಾನು ಅದು. ಮೇಲಿನ ಕಪಾಟಿನಲ್ಲಿಟ್ಟರೆ ಇಳಿಸಲಾಗದೆ ಉಪಯೋಗಿಸುವುದನ್ನೇ ಬಿಡುತ್ತೀರಿ. ಕಟ್ಟೆಯ ಮೇಲೆ ಒಂದು ಮೂಲೆಯಲ್ಲಿ ಅದಕ್ಕೊಂದು ಪ್ಲಗ್ ಪಾಯಿಂಟ್ ಸಮೇತ ಕಾಯಂ ಜಾಗ ಕೊಡಿ.

## ಹಂತ 2: ತೇವ ಮತ್ತು ಗೆದ್ದಲು ನೋಡಿ

ಹಳೇ ಕಪಾಟು ಕಿತ್ತ ಮೇಲೆ ಗೋಡೆ ಬುಡಕ್ಕೆ ಟಾರ್ಚು ಹಿಡಿಯಿರಿ. ಪೇಂಟು ಗುಳ್ಳೆ ಎದ್ದಿದೆಯಾ? ಸುಣ್ಣ ಪುಡಿಪುಡಿಯಾಗಿ ಉದುರುತ್ತದೆಯಾ? ಬಿಳಿ ಉಪ್ಪಿನ ಹಾಗೆ ಮೇಲೆದ್ದಿದೆಯಾ? ಇವೆಲ್ಲ ತೇವದ ಗುರುತು. ಬಚ್ಚಲಿನ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಅಡುಗೆಮನೆ ಇದ್ದರೆ ಇದು ಸಾಮಾನ್ಯ. ಮಣ್ಣಿನ ಸಣ್ಣ ಸುರಂಗದಂಥ ಗೆರೆ ಗೋಡೆ ಮೇಲೆ ಹತ್ತಿದ್ದರೆ ಅದು ಗೆದ್ದಲು.

ಎರಡರಲ್ಲಿ ಯಾವುದು ಕಂಡರೂ ಕ್ಯಾಬಿನೆಟ್ ಮಾತು ಅಲ್ಲಿಗೇ ನಿಲ್ಲಿಸಿ. ನೀರು ಎಲ್ಲಿಂದ ಬರುತ್ತಿದೆ ಹುಡುಕಿ ರಿಪೇರಿ ಮಾಡಿಸಿ, ಗೋಡೆ ಪೂರ್ತಿ ಒಣಗಲು ಬಿಡಿ. ಒದ್ದೆ ಗೋಡೆಗೆ ಎಂಥ ದುಬಾರಿ ಪ್ಲೈವುಡ್ ಒರಗಿಸಿದರೂ ಅದರ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ಕೊಳಾಯಿ, ವೈರಿಂಗ್ ಕೆಲಸ ಕೂಡ ಇದೇ ಹಂತದಲ್ಲಿ. ಟೈಲ್ಸ್ ಅಂಟಿಸುವ ಮೊದಲು ಗೋಡೆಯೊಳಗಿನ ಪೈಪು, ವೈರುಗಳ ಫೋಟೋ ತೆಗೆಯಿರಿ. ಫೋಟೋದಲ್ಲಿ ಟೇಪು ಹಿಡಿದಿರಲಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣಬೇಕು. ಮುಂದೆ ಮೇಲಿನ ಕಪಾಟಿಗೆ ಡ್ರಿಲ್ ಹಾಕುವಾಗ ಆ ಫೋಟೋ ಪೈಪು ಉಳಿಸುತ್ತದೆ.

## ಹಂತ 3: ಹಳೇ ಕಲ್ಲಿನ ಕಟ್ಟೆ ಇರಬೇಕಾ, ಹೋಗಬೇಕಾ

ನಮ್ಮ ಕಡೆಯ ಮನೆಗಳಲ್ಲಿ ಗ್ರಾನೈಟ್ ಕಟ್ಟೆಯ ಕೆಳಗೆ ಕಡಪ ಕಲ್ಲು ಅಥವಾ ಇಟ್ಟಿಗೆಯ ಅಡ್ಡಗೋಡೆ ನಿಲ್ಲಿಸಿರುತ್ತಾರೆ. ಅದನ್ನು ಉಳಿಸಿಕೊಂಡರೆ ಒಡೆಯುವ ಖರ್ಚಿಲ್ಲ, ಧೂಳಿಲ್ಲ. ಆದರೆ ಜಾಗ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕದೆ ಒಪ್ಪಬೇಡಿ.

ಎರಡು ಕಲ್ಲುಗಳ ನಡುವೆ 22 ಇಂಚು ಇದೆ ಅಂತಿಟ್ಟುಕೊಳ್ಳಿ. ಒಳಗೆ ಪೆಟ್ಟಿಗೆ ಕೂರಿಸಿದರೆ ಎರಡು ಬದಿಗೂ 18 ಎಂಎಂ ಹಲಗೆ, ಅದರ ಮೇಲೆ ಎರಡು ಬದಿಗೂ ಸುಮಾರು 13 ಎಂಎಂ ಚಾನಲ್. ಒಟ್ಟು 62 ಎಂಎಂ, ಅಂದರೆ ಎರಡೂವರೆ ಇಂಚು ಹೋಯಿತು. ಡ್ರಾಯರಿನ ಹೊರಗಿನ ಅಗಲವೇ ಹತ್ತೊಂಬತ್ತೂವರೆ ಇಂಚು. ಕಲ್ಲು ಸ್ವಲ್ಪ ಓರೆಯಾಗಿದ್ದರೆ ಇನ್ನೂ ಕಮ್ಮಿ.

ನನ್ನ ಅಭಿಪ್ರಾಯ ಹೀಗಿದೆ. ಬರೀ ಬಾಗಿಲು ಮತ್ತು ಒಂದೆರಡು ಬುಟ್ಟಿ ಸಾಕು ಅನ್ನುವವರು ಕಲ್ಲು ಉಳಿಸಿಕೊಳ್ಳಿ. ಕಲ್ಲು ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಸಾಲಾಗಿ ಅಗಲದ ಡ್ರಾಯರ್ ಬೇಕು ಅನ್ನುವವರು ಒಡೆಸುವುದೇ ಸರಿ. ಅರ್ಧ ಒಡೆದು ಅರ್ಧ ಉಳಿಸುವವರು ಸಿಂಕ್ ಕೆಳಗಿನ ಕಲ್ಲನ್ನು ಮಾತ್ರ ಹಾಗೇ ಬಿಡಿ, ಅಲ್ಲಿ ಕಲ್ಲಿಗಿಂತ ಒಳ್ಳೆಯದು ಬೇರೆ ಇಲ್ಲ.

## ಹಂತ 4: ಅಳತೆ ತೆಗೆಯಿರಿ

ಟೈಲ್ಸ್ ಮುಗಿದ ಮೇಲಿನ ಅಳತೆಯೇ ಕೊನೆಯ ಅಳತೆ. ಅದಕ್ಕೂ ಮುಂಚೆ ತೆಗೆದದ್ದು ಬರೀ ಅಂದಾಜಿಗೆ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ಒಂದೊಂದು ಗೋಡೆಯೂ ಮುಂದಕ್ಕೆ ಬಂದಿರುತ್ತದೆ.

ಗೋಡೆಯ ಉದ್ದವನ್ನು ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಹತ್ತಿರ, ಕಟ್ಟೆಯ ಮಟ್ಟದಲ್ಲಿ, ತಲೆಯ ಮೇಲೆ. ಮೂರರಲ್ಲಿ ಚಿಕ್ಕದನ್ನು ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಮೂಲೆ ನೋಡಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂಲೆಯ ಪೆಟ್ಟಿಗೆಗೆ ಬದಿಯಲ್ಲಿ ಸಂದು ತುಂಬುವ ಫಿಲ್ಲರ್ ಪಟ್ಟಿ ಕೊಡಲು ಹೇಳಿ. ಇಲ್ಲದಿದ್ದರೆ ಮೂಲೆಯ ಡ್ರಾಯರ್ ಎಳೆದಾಗ ಪಕ್ಕದ ಬಾಗಿಲಿನ ಹಿಡಿಗೆ ತಾಗುತ್ತದೆ.

ಕಟ್ಟೆಯ ಎತ್ತರಕ್ಕೆ ಸಾಮಾನ್ಯವಾಗಿ 33ರಿಂದ 34 ಇಂಚು ಹೇಳುತ್ತಾರೆ. ಅದನ್ನು ಸುಮ್ನೆ ಒಪ್ಪಬೇಡಿ. ಜಾಸ್ತಿ ಹೊತ್ತು ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಇದ್ದರೆ ಸೊಂಟ ನೋಯುವುದಿಲ್ಲ. ಕಟ್ಟೆಯಿಂದ ಮೇಲಿನ ಕಪಾಟಿಗೆ 20ರಿಂದ 24 ಇಂಚು ಇರಲಿ. ಮೇಲಿನ ಕಪಾಟಿನ ಆಳ 12ರಿಂದ 13 ಇಂಚು ಸಾಕು. ಅದಕ್ಕಿಂತ ಆಳ ಮಾಡಿದರೆ ಹೆಚ್ಚುವಾಗ ಹಣೆಗೆ ತಾಗುತ್ತದೆ. ಎದುರುಬದುರು ಕಟ್ಟೆ ಇದ್ದರೆ ನಡುವೆ ಮೂರೂವರೆ ಅಡಿಗೆ ಕಮ್ಮಿ ಬೇಡ.

ಅಂಟುಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ಕಪಾಟುಗಳು ಎಲ್ಲಿ ಬರುತ್ತವೋ ಅಲ್ಲಿ ನೆಲ, ಗೋಡೆಗೆ ಪಟ್ಟಿ ಅಂಟಿಸಿ. ತೆರೆದ ಡ್ರಾಯರ್ ಎಲ್ಲಿಯವರೆಗೆ ಬರುತ್ತದೆ ಅಂತಲೂ ಗುರುತು ಮಾಡಿ. ಒಂದೆರಡು ದಿನ ಅದರ ನಡುವೆಯೇ ಓಡಾಡಿ. ಫ್ರಿಜ್ ಬಾಗಿಲು, ಕಿಟಕಿ ರೆಕ್ಕೆ, ಸ್ವಿಚ್ ಬೋರ್ಡು ಯಾವುದಕ್ಕೆ ಅಡ್ಡ ಬರುತ್ತದೆ ಅಂತ ಕಾಗದದ ಮೇಲಿನ ಡಿಸೈನಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

## ಹಂತ 5: ಪೆಟ್ಟಿಗೆಯ ಹಲಗೆ ಆರಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಬಾಗಿಲು ಬೇಜಾರಾದರೆ ಬದಲಾಯಿಸಬಹುದು. ಪೆಟ್ಟಿಗೆ ಹಾಳಾದರೆ ಕಟ್ಟೆ ಸಮೇತ ಕೀಳಬೇಕು.

ಅಂಗಡಿಯಲ್ಲಿ ಕೇಳಿಬರುವ ಹೆಸರುಗಳು ಇವು. ಬಿಡಬ್ಲ್ಯೂಪಿ (ಬಾಯ್ಲಿಂಗ್ ವಾಟರ್ ಪ್ರೂಫ್) ಪ್ಲೈವುಡ್, ಅಂದರೆ ಐಎಸ್ 710 ಅನ್ನುವ ಭಾರತೀಯ ಮಾನದಂಡದ ದರ್ಜೆಯದ್ದು. ಇದರ ಅಂಟು ಕುದಿಯುವ ನೀರಿನಲ್ಲಿ 72 ಗಂಟೆ ಬಿಟ್ಟರೂ ಪದರ ಬಿಡಬಾರದು ಅನ್ನುವುದು ನಿಯಮ. ಎಂಆರ್ ಪ್ಲೈವುಡ್ ತೇವದ ಗಾಳಿ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಬೆಡ್‌ರೂಮಿನ ವಾರ್ಡ್‌ರೋಬಿಗೆ ಸರಿ, ಅಡುಗೆಮನೆಯ ಕೆಳಗಿನ ಸಾಲಿಗೆ ಬೇಡ. ಎಚ್‌ಡಿಎಚ್‌ಎಂಆರ್ ಮರದ ನಾರಿನ ಒತ್ತಾದ, ಭಾರದ ಹಲಗೆ. ಮೇಲ್ಮೈ ನುಣುಪು, ಬಾಗಿಲಿಗೆ ಚೆನ್ನಾಗಿರುತ್ತದೆ. ಮಾಮೂಲಿ ಎಂಡಿಎಫ್ (ಮರದ ನಾರು ಒತ್ತಿದ ಹಲಗೆ) ಮತ್ತು ಪಾರ್ಟಿಕಲ್ ಬೋರ್ಡಿಗೆ (ಮರದ ಹೊಟ್ಟು ಒತ್ತಿದ್ದು) ಅಂಚಿನಿಂದ ನೀರು ಇಳಿದರೆ ಉಬ್ಬುತ್ತವೆ, ಉಬ್ಬಿದ್ದು ವಾಪಸ್ ಇಳಿಯುವುದಿಲ್ಲ. ಪಿವಿಸಿ (ಪ್ಲಾಸ್ಟಿಕ್), ಡಬ್ಲ್ಯೂಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಹಲಗೆಗಳಿಗೆ ನೀರು, ಗೆದ್ದಲಿನ ಭಯವಿಲ್ಲ. ಆದರೆ ಸ್ಕ್ರೂ ಹಿಡಿತ ಪ್ಲೈವುಡ್ಡಿನಷ್ಟಿಲ್ಲ, ಬಿಸಿಗೆ ಬಾಗುತ್ತವೆ.

ಎಲ್ಲ ಕಡೆಗೂ ಒಂದೇ ಹಲಗೆ ಹಾಕಿಸಬೇಕು ಅಂತಿಲ್ಲ. ಕೆಳಗಿನ ಸಾಲಿಗೆ 18 ಎಂಎಂ ಬಿಡಬ್ಲ್ಯೂಪಿ. ಮೇಲಿನ ಕಪಾಟಿಗೆ ಒಳ್ಳೆ ಎಚ್‌ಡಿಎಚ್‌ಎಂಆರ್ ನಡೆಯುತ್ತದೆ. ಸಿಂಕ್ ಕೆಳಗೆ ಕಲ್ಲು, ಇಲ್ಲವೆಂದರೆ ಡಬ್ಲ್ಯೂಪಿಸಿ. ಒಲೆಯ ಪಕ್ಕಕ್ಕೆ ಮಾತ್ರ ಪಿವಿಸಿ ಜಾತಿಯ ಹಲಗೆ ಬೇಡ. ಮಂಗಳೂರು, ಕಾರವಾರದಂಥ ಕಡಲ ಬದಿಯಲ್ಲಿ ಮತ್ತು ಮಲೆನಾಡಿನಲ್ಲಿ ಇರುವವರು ಮೇಲಿನ ಸಾಲಿಗೂ ಬಿಡಬ್ಲ್ಯೂಪಿಯನ್ನೇ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಗಾಳಿಯೇ ಒದ್ದೆ.

ಅಸಲಿ ಹಲಗೆಯೇ ಅಂತ ನೋಡುವುದು ಹೇಗೆ? ಪ್ರತಿ ಶೀಟಿನ ಮೇಲೆ ಐಎಸ್ಐ ಗುರುತು, ಅದರ ಮೇಲೆ ಐಎಸ್ 710 ಅಂತ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದ್ದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ತಿಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಪದರಗಳ ನಡುವೆ ಸಂದು ಇರಬಾರದು. ಶೀಟಿನ ಮೇಲೆ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಒಂದೇ ಸದ್ದು ಬರಬೇಕು. ನಡುವೆ ಟೊಳ್ಳು ಸದ್ದು ಬಂದರೆ ಒಳಗೆ ಖಾಲಿ ಇದೆ ಅಂತ ಅರ್ಥ. ಅಲ್ಲಿ ಬಿದ್ದ ಸ್ಕ್ರೂ ನಿಲ್ಲುವುದಿಲ್ಲ.

ಅಂಟಿನ ಗೆರೆ ಕಪ್ಪಗಿದ್ದರೆ ವಾಟರ್‌ಪ್ರೂಫ್ ಅಂತ ಅಂಗಡಿಯವರು ತೋರಿಸುತ್ತಾರೆ. ಅದೊಂದನ್ನೇ ನಂಬಬೇಡಿ, ಕಮ್ಮಿ ದರ್ಜೆಯ ಅಂಟಿಗೂ ಬಣ್ಣ ಬೆರೆಸಬಹುದು. ಅದಕ್ಕಿಂತ ಒಂದು ತುಂಡು ಕೇಳಿ ತನ್ನಿ. ಬೇಡವಾದ ಪಾತ್ರೆಯಲ್ಲಿ ನೀರು ಹಾಕಿ, ಕಿಟಕಿ ತೆರೆದಿಟ್ಟು ಕೆಲವು ಗಂಟೆ ಕುದಿಸಿ. ಅಷ್ಟಕ್ಕೇ ಪದರ ಬಾಯಿಬಿಟ್ಟರೆ ಮುಂದಿನ ಮಾತೇ ಬೇಡ.

ಇನ್ನು ಅಂಚು. ಹಲಗೆ ನೀರು ಕುಡಿಯುವುದು ಮುಖದಿಂದ ಅಲ್ಲ, ಅಂಚಿನಿಂದ. ನಾಲ್ಕೂ ಅಂಚಿಗೆ ಮಷಿನ್ನಿನಲ್ಲಿ ಒತ್ತಿದ ಮುಚ್ಚುಪಟ್ಟಿ, ಅಂದರೆ ಎಡ್ಜ್‌ಬ್ಯಾಂಡ್ ಬೇಕು. ಬಾಗಿಲಿಗೆ 2 ಎಂಎಂ, ಒಳಗಿನ ಹಲಗೆಗೆ 0.8 ಎಂಎಂ. ಉಗುರಿನಿಂದ ಅಂಚನ್ನು ಗೀರಿ ನೋಡಿ, ಎಲ್ಲೂ ಏಳಬಾರದು. ಎಲ್ಲರೂ ಮರೆಯುವ ಜಾಗ ಒಂದಿದೆ: ಸಿಂಕಿನ ಪೈಪು ಹೋಗಲು ಪೆಟ್ಟಿಗೆಯ ಹಿಂಭಾಗದಲ್ಲಿ ಕೊರೆದ ತೂತು. ಪ್ಲಂಬರ್ ಬಂದು ತೂತು ಹಾಕುತ್ತಾರೆ, ಪೈಪು ತೂರಿಸುತ್ತಾರೆ, ಹೋಗುತ್ತಾರೆ. ತೂತಿನ ಸುತ್ತ ಬರೀ ಮರ ಬಾಯಿ ತೆರೆದು ನಿಂತಿರುತ್ತದೆ. ತೊಟ್ಟಿಕ್ಕಿದ ನೀರು ಪೈಪಿನ ಮೈ ಹಿಡಿದು ಬಂದು ಅಲ್ಲೇ ಇಂಗುತ್ತದೆ. ಪೈಪು ತೂರಿಸುವ ಮೊದಲೇ ಆ ಅಂಚಿಗೆ ಸಿಲಿಕೋನ್ ಬಳಿಸಿ. ಜಿರಳೆ ಬರುವ ದಾರಿಯೂ ಮುಚ್ಚುತ್ತದೆ.

## ಹಂತ 6: ಹಿಂಜಸ್, ಚಾನಲ್, ಬುಟ್ಟಿ

ದಿನಾ ಹತ್ತಾರು ಸಲ ಎಳೆದು ನೂಕುವ ಭಾಗ ಇದು. ಇಲ್ಲಿ ದುಡ್ಡು ಉಳಿಸಬೇಡಿ. ಬ್ರ್ಯಾಂಡ್ ಹೆಸರು ಮಾತ್ರ ಸಾಲದು, ಒಂದೇ ಬ್ರ್ಯಾಂಡಿನಲ್ಲಿ ಮೂರು ನಾಲ್ಕು ದರ್ಜೆ ಇರುತ್ತವೆ. ಮಾಡೆಲ್ ಹೆಸರು, ಎಷ್ಟು ಕೆಜಿ ಭಾರಕ್ಕೆ ಅನ್ನುವುದು ಕೊಟೇಶನ್ನಿನಲ್ಲಿ ಬರೆದಿರಲಿ. ಪಾತ್ರೆ ಡ್ರಾಯರಿಗೆ 30 ಕೆಜಿ ತಡೆಯುವ ಚಾನಲ್ ಕನಿಷ್ಠ. ಅಕ್ಕಿ, ಬೇಳೆ ಡಬ್ಬಿ ತುಂಬುವ ಅಗಲದ ಡ್ರಾಯರಿಗೆ ಅದಕ್ಕೂ ಮೇಲಿನದು ಬೇಕು. ಶೋರೂಮಿನಲ್ಲಿ ಖಾಲಿ ಡ್ರಾಯರ್ ಎಳೆದು ಖುಷಿಪಡಬೇಡಿ. ಪೂರ್ತಿ ಹೊರಗೆಳೆದು ಮುಂಭಾಗವನ್ನು ಕೈಯಿಂದ ಮೆಲ್ಲಗೆ ಅದುಮಿ. ಜೋತು ಬೀಳುವಂತಿದ್ದರೆ, ಅಕ್ಕಪಕ್ಕ ಅಲ್ಲಾಡಿದರೆ ಅದು ಬೇಡ.

ಸ್ಟೀಲ್ ಬುಟ್ಟಿಗೆ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆ ಕೇಳಿ. ಮ್ಯಾಗ್ನೆಟ್ ಅಂಟದಿದ್ದರೆ 304 ಅಂತ ಹೇಳುವವರಿದ್ದಾರೆ. ಅಗ್ಗದ 202ಕ್ಕೂ ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಸಾಲದು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ. 202ರ ಬುಟ್ಟಿಯಲ್ಲಿ ಒದ್ದೆ ತಟ್ಟೆ ಜೋಡಿಸುತ್ತಾ ಹೋದರೆ ಮೊದಲು ಬೆಸುಗೆ ಹಾಕಿದ ಕಡೆ ಕಂದು ಚುಕ್ಕೆ ಕಾಣುತ್ತದೆ.

## ಹಂತ 7: ಗ್ಯಾಸ್ ಸಿಲಿಂಡರಿಗೆ ಜಾಗ

ಸಾಧ್ಯವಿದ್ದರೆ ಸಿಲಿಂಡರ್ ಹೊರಗಿನ ಯುಟಿಲಿಟಿಯಲ್ಲಿರಲಿ. ಒಳಗೇ ಇಡಬೇಕಾದರೆ ನಿಮ್ಮದೇ ಸಿಲಿಂಡರನ್ನು ರೆಗ್ಯುಲೇಟರ್ ಹಾಕಿದ ಸ್ಥಿತಿಯಲ್ಲಿ ಅಳೆದು, ಕೈ ಹೋಗುವಷ್ಟು ಜಾಗ ಬಿಟ್ಟು ಪೆಟ್ಟಿಗೆ ಮಾಡಿಸಿ. ತುಂಬಿದ 14.2 ಕೆಜಿ ಸಿಲಿಂಡರ್ ಒಟ್ಟು ಸುಮಾರು 30 ಕೆಜಿ ತೂಗುತ್ತದೆ. ಆದ್ದರಿಂದ ಅದಕ್ಕೆ ತಳದ ಹಲಗೆ ಬೇಡ, ನೇರ ನೆಲದ ಮೇಲೆ ನಿಲ್ಲಲಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ತುಂಬಿಕೊಳ್ಳುತ್ತದೆ. ಕಪಾಟಿನ ಬುಡದಲ್ಲೂ ಮೇಲ್ಭಾಗದಲ್ಲೂ ಗಾಳಿಯ ಕಂಡಿ ಇರಲೇಬೇಕು. ಕೆಳಗಿನ ಸಂದು ಮುಚ್ಚುವ ಸ್ಕರ್ಟಿಂಗ್ ಪಟ್ಟಿ ಹಾಕುವಾಗ ಬುಡದ ಕಂಡಿಯನ್ನು ಮುಚ್ಚಿಬಿಡುವುದು ಸಾಮಾನ್ಯ ತಪ್ಪು, ನಿಂತು ನೋಡಿ. ಇದೇ ಪೆಟ್ಟಿಗೆಯೊಳಗೆ ಪ್ಲಗ್ ಪಾಯಿಂಟ್ ಕೊಡಬೇಡಿ. ರಬ್ಬರ್ ಪೈಪು ಪೂರ್ತಿ ಕಣ್ಣಿಗೆ ಕಾಣುವಂತಿರಲಿ, ಅದರ ಮೇಲಿನ ಅವಧಿ ನೋಡಿ ಬದಲಾಯಿಸಬೇಕಲ್ವಾ.

## ಹಂತ 8: ಈಗ ಬಾಗಿಲು, ಬಣ್ಣ

ದಿನಾ ಒಗ್ಗರಣೆ ಸಿಡಿಯುವ ಮನೆಗೆ 1 ಎಂಎಂ ಮ್ಯಾಟ್ ಲ್ಯಾಮಿನೇಟ್ ಸಾಕು. ಗೀರು ಬೀಳುವುದು ಕಮ್ಮಿ, ಒರೆಸುವುದು ಸುಲಭ. ಅಕ್ರಿಲಿಕ್ ಹೊಳೆಯುತ್ತದೆ, ಬೆರಳಿನ ಗುರುತೂ ಕಾಣುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟ್ ಚೆಂದ, ಚಕ್ಕೆ ಎದ್ದರೆ ಮನೆಯಲ್ಲೇ ಸರಿಮಾಡುವುದು ಕಷ್ಟ. ಒಲೆಯ ಅಕ್ಕಪಕ್ಕ ಗಾಢ ಬಣ್ಣದ ಹೊಳಪು ಬಾಗಿಲು ಬೇಡ. ಮಾದರಿ ತುಂಡನ್ನು ಮನೆಗೆ ತಂದು ಅರಿಶಿನ, ಎಣ್ಣೆ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ಬಣ್ಣವನ್ನು ನಿಮ್ಮ ಅಡುಗೆಮನೆಯ ಬೆಳಕಿನಲ್ಲೇ ನೋಡಿ.

## ಹಂತ 9: ಕೊಟೇಶನ್ ಓದಿ

ಚದರಡಿಗೆ ಇಷ್ಟು ಅಂದಾಗ ಮೊದಲ ಪ್ರಶ್ನೆ: ಯಾವ ಚದರಡಿ? ಕೆಲವರು ಮುಂಭಾಗದ ಅಳತೆ ಮಾತ್ರ ಹಿಡಿಯುತ್ತಾರೆ. ಇನ್ನು ಕೆಲವರು ಬಳಸಿದ ಒಟ್ಟು ಹಲಗೆಯ ಅಳತೆ ಹಿಡಿಯುತ್ತಾರೆ.

2 ಅಡಿ ಅಗಲ, ಎರಡೂವರೆ ಅಡಿ ಎತ್ತರ, 2 ಅಡಿ ಆಳದ ಒಂದು ಪೆಟ್ಟಿಗೆ ತೆಗೆದುಕೊಳ್ಳಿ. ಮುಂಭಾಗದ ಲೆಕ್ಕದಲ್ಲಿ ಅದು 5 ಚದರಡಿ. ಹಲಗೆಯ ಲೆಕ್ಕದಲ್ಲಿ ಎರಡು ಬದಿ 10, ತಳ 4, ಒಳಗಿನ ಒಂದು ಹಲಗೆ 4, ಬೆನ್ನು 5, ಬಾಗಿಲು 5. ಒಟ್ಟು 28 ಚದರಡಿ. ಉದಾಹರಣೆಗೆ ಒಬ್ಬರು ಮುಂಭಾಗಕ್ಕೆ ಚದರಡಿಗೆ 1,500 ರೂಪಾಯಿ ಅಂದರೆ ಈ ಪೆಟ್ಟಿಗೆಗೆ 7,500. ಇನ್ನೊಬ್ಬರು ಹಲಗೆ ಲೆಕ್ಕದಲ್ಲಿ ಬರೀ 500 ಅಂದರೆ 14,000. ಕಮ್ಮಿ ಅಂತ ಕೇಳಿಸಿದ್ದೇ ಹೆಚ್ಚುಕಮ್ಮಿ ದುಪ್ಪಟ್ಟು. ಎಲ್ಲರಿಂದಲೂ ಒಂದೇ ಡ್ರಾಯಿಂಗಿಗೆ, ಪೆಟ್ಟಿಗೆವಾರು, ಒಟ್ಟು ಮೊತ್ತದಲ್ಲಿ ಕೊಟೇಶನ್ ತೆಗೆದುಕೊಳ್ಳಿ.

ಅದರಲ್ಲಿ ಬರೆದಿರಬೇಕಾದದ್ದು: ಹಲಗೆಯ ಕಂಪನಿ, ದರ್ಜೆ, ದಪ್ಪ. ಬೆನ್ನಿನ ಹಲಗೆಯ ದಪ್ಪ ಕೂಡ. ಒಳಗಿನ ಲ್ಯಾಮಿನೇಟ್ ಎಷ್ಟು ಎಂಎಂ. ಹಿಂಜಸ್, ಚಾನಲ್ ಮಾಡೆಲ್ ಮತ್ತು ಎಣಿಕೆ. ಸಾಗಣೆ, ಜೋಡಣೆ, ಜಿಎಸ್‌ಟಿ ಸೇರಿದೆಯಾ ಇಲ್ಲವಾ. ಹತ್ತು ವರ್ಷ ವಾರಂಟಿ ಅಂದರೆ ಯಾವುದಕ್ಕೆ? ನೀರಿನಿಂದ ಉಬ್ಬಿದರೆ ಬರುತ್ತದೆಯಾ, ಗೆದ್ದಲಿಗೆ ಬರುತ್ತದೆಯಾ ಅಂತ ನೇರವಾಗಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಎಚ್ಚರಿಕೆಯ ಗುರುತುಗಳೂ ಇಲ್ಲೇ ಸಿಗುತ್ತವೆ. "ವಾಟರ್‌ಪ್ರೂಫ್ ಪ್ಲೈ" ಅಂತ ಬರೆದು ಐಎಸ್ ಸಂಖ್ಯೆ ಇಲ್ಲದಿರುವುದು. "ಅಥವಾ ಸಮಾನ ದರ್ಜೆ" ಅನ್ನುವ ಮಾತು. ಇವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ ಅನ್ನುವ ಒತ್ತಾಯ. ಮೂರರಲ್ಲಿ ಒಂದು ಕಂಡರೂ ಸಹಿ ಮಾಡದೆ ಎದ್ದು ಬನ್ನಿ.

## ಹಂತ 10: ಮಾಲು ಬಂದ ದಿನ ಮತ್ತು ಜೋಡಣೆ

ಪೆಟ್ಟಿಗೆ ಜೋಡಿಸಿದ ಮೇಲೆ ಹಲಗೆಯ ಮುದ್ರೆ ಕಾಣುವುದಿಲ್ಲ. ಕಾರ್ಪೆಂಟರ್ ಕೈಯಲ್ಲಿ ಮನೆಯಲ್ಲೇ ಮಾಡಿಸುವವರು ಶೀಟು ಇಳಿದ ದಿನವೇ ಪ್ರತಿ ಶೀಟಿನ ಮುದ್ರೆಯ ಫೋಟೋ ತೆಗೆಯಿರಿ. ಫ್ಯಾಕ್ಟರಿಯದ್ದಾದರೆ ಕತ್ತರಿಸುವ ಮೊದಲು ಫೋಟೋ ಕಳಿಸಲು ಹೇಳಿ, ಬಂದ ಮಾಲಿನಲ್ಲಿ ಹಿಂಜಸ್ ತೂತಿನೊಳಗೆ ಟಾರ್ಚು ಹಾಕಿ ನೋಡಿ. ಪ್ಲೈವುಡ್ ಆದರೆ ಪದರ ಕಾಣುತ್ತದೆ, ಪಾರ್ಟಿಕಲ್ ಬೋರ್ಡ್ ಆದರೆ ಹೊಟ್ಟು ಒತ್ತಿದಂತೆ ಕಾಣುತ್ತದೆ.

ಕೆಳಗಿನ ಪೆಟ್ಟಿಗೆಗಳು ಪಿವಿಸಿ ಕಾಲಿನ ಮೇಲೆ ನಿಲ್ಲಲಿ, ನೆಲದಿಂದ ನಾಲ್ಕು ಇಂಚು ಮೇಲೆ. ನೀರು ಹಾಕಿ ನೆಲ ತೊಳೆಯುವವರಿಗೆ ಇದು ಕಡ್ಡಾಯ. ಕಟ್ಟೆ ಕೂರಿಸುವ ಮುಂಚೆ ಪೆಟ್ಟಿಗೆಗಳ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ. ಮೇಲಿನ ಕಪಾಟಿಗೆ ಮೊಳೆ ಹೊಡೆಯುವ ಮೊದಲು ಗೋಡೆ ಎಂಥದ್ದು ಅಂತ ಕೆಲಸದವರಿಗೆ ತಿಳಿಸಿ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಭಾರ ಹೊರುವುದಿಲ್ಲ, ಅದಕ್ಕೆಂದೇ ಇರುವ ಆಂಕರ್ ಬೇಕು.

ಕೆಲಸ ಮುಗಿಯಿತು ಅಂದಾಗ ಸಿಂಕ್ ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ. ಸಿಂಕ್ ತುಂಬ ನೀರು ಹಿಡಿದು ಒಮ್ಮೆಲೇ ಬಿಡಿ. ಮೂರು ಸಲ ಹೀಗೆ ಮಾಡಿ ಪೇಪರ್ ಮೇಲೆ ಹನಿ ಬಿದ್ದಿದೆಯಾ ನೋಡಿ. ಎಲ್ಲ ಡ್ರಾಯರಿಗೂ ನಿಮ್ಮ ಪಾತ್ರೆಯನ್ನೇ ತುಂಬಿ ಎಳೆಯಿರಿ. ಅಲ್ಲಿಯವರೆಗೆ ಕೊನೆಯ ಕಂತು, ಒಟ್ಟು ಮೊತ್ತದ ಕನಿಷ್ಠ ಹತ್ತನೇ ಒಂದು ಭಾಗ, ನಿಮ್ಮ ಕೈಯಲ್ಲೇ ಇರಲಿ. ಅಡ್ವಾನ್ಸ್ ಕೊಡುವಾಗಲೇ ಇದನ್ನು ಒಪ್ಪಿಸಿರಬೇಕು, ಆಮೇಲೆ ಹೇಳಿದರೆ ಜಗಳವಾಗುತ್ತದೆ.

ತಿಂಗಳು ಬಳಸಿದ ಮೇಲೆ ಭಾರಕ್ಕೆ ಬಾಗಿಲುಗಳು ಒಂದೆರಡು ಎಂಎಂ ಇಳಿದಿರುತ್ತವೆ. ಹಿಂಜಸ್‌ನ ಸ್ಕ್ರೂ ತಿರುಗಿಸಿ ಮಟ್ಟ ಮಾಡಲು ಒಂದು ಸಲ ಬಂದು ಹೋಗಬೇಕು ಅಂತ ಕೊಟೇಶನ್ನಿನಲ್ಲೇ ಸೇರಿಸಿ. ಆ ದಿನ ಲ್ಯಾಮಿನೇಟಿನ ಕೋಡ್ ನಂಬರನ್ನು ಸಿಂಕ್ ಬಾಗಿಲಿನ ಒಳಬದಿಗೆ ಮಾರ್ಕರ್‌ನಲ್ಲಿ ಬರೆಸಿ. ಮುಂದೆ ಒಂದೇ ಒಂದು ಬಾಗಿಲು ಬದಲಾಯಿಸಬೇಕಾದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.